ಒಂಬತ್ತು ತುಂಬದ ಕೂಸು

ಜಮೈಕಾದ ಲಾಂಗ್‌ಮೀಡ್ ತೋಟದಲ್ಲಿ ಕಬ್ಬು ಕಡಿಯುವವರಲ್ಲಿ ಅರ್ಧಕ್ಕರ್ಧ ಜನ ಸೂಲಗಿತ್ತಿ ಮಿಂಬಾಳ ಕೈಗೇ ಹುಟ್ಟಿದವರು. ಯಾರಾದರೂ ಅವಳ ಮುಂದೆ ಬಾಲ ಬಿಚ್ಚಿದರೆ, "ನಿನ್ನ ಹೊಕ್ಕುಳಬಳ್ಳಿ ಕತ್ತರಿಸುವಾಗ ನಾಲಿಗೇನೂ ಸ್ವಲ್ಪ ಕತ್ತರಿಸ್ಬೇಕಿತ್ತು ಕಣೋ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಚಾವಟಿ ಹಿಡಿದು ಓಡಾಡುವ ಮೇಸ್ತ್ರಿ ಕ್ವಾಕೊ ಕೂಡ ಈ ಮಾತು ಕೇಳಿಸಿಕೊಂಡವನೇ. ಅವನೂ ನಮ್ಮವನು, ನಮ್ಮ ಹಾಗೆಯೇ ಮಾರಾಟದ ಸರಕು. ಬಿಳಿಯರು ಅವನ ಕೈಗೆ ಚಾವಟಿ ಕೊಟ್ಟು ನಮ್ಮ ಬೆನ್ನ ಹಿಂದೆ ನಿಲ್ಲಿಸಿದ್ದರು. ಅವನು ಹೊಡೆಯುತ್ತಿದ್ದ, ಹೊಡೆಯದಿದ್ದರೆ ಅವನಿಗೇ ಬೀಳುತ್ತಿತ್ತು. ಇದರಲ್ಲಿ ಮುಚ್ಚುಮರೆಯೇನಿಲ್ಲ.

ಮಿಂಬಾ ಮಾತಿನಲ್ಲಿ ಎಷ್ಟೇ ತಮಾಷೆಯವಳಾದರೂ ಒಂದು ವಿಷಯದಲ್ಲಿ ಮಾತ್ರ ಬಲು ಕಟ್ಟುನಿಟ್ಟು. ನಮ್ಮಲ್ಲಿ ಹುಟ್ಟಿದ ಕೂಸು ಒಂಬತ್ತು ದಿನ ತುಂಬುವವರೆಗೆ ಮನೆಯ ಮಗುವಲ್ಲ, ಆಚೆ ಲೋಕದಿಂದ ಇಣುಕಿ ನೋಡಲು ಬಂದ ದೆವ್ವ. ಇಲ್ಲಿನ ಬಾಳು ಹಿಡಿಸಿದರೆ ಉಳಿಯುತ್ತದೆ. ಹಿಡಿಸದಿದ್ದರೆ ದವಡೆ ಬಿಗಿದುಕೊಂಡು, ಮೊಲೆ ಹಿಡಿಯದೆ ಹೊರಟುಹೋಗುತ್ತದೆ. ಲಾಂಗ್‌ಮೀಡ್‌ನ ಬಾಳು ಹೆಚ್ಚಿನ ಕೂಸುಗಳಿಗೆ ಹಿಡಿಸುತ್ತಿರಲಿಲ್ಲ. ಅವುಗಳ ಬುದ್ಧಿಯನ್ನು ಮೆಚ್ಚಬೇಕು. ಒಂಬತ್ತನೆಯ ದಿನ ರಮ್ ಬೆರೆಸಿದ ನೀರಿನಲ್ಲಿ ಮೀಯಿಸಿ, ಹೊಕ್ಕುಳಬಳ್ಳಿಯನ್ನು ತೆಂಗಿನ ಸಸಿಯ ಬುಡಕ್ಕೆ ಹೂತು, ಮೊದಲ ಸಲ ಹೆಸರು ಹಿಡಿದು ಕರೆದರೆ ಆಗ ಅದು ಮನುಷ್ಯ. ಹೆಸರು ಹುಡುಕುವ ತಾಪತ್ರಯವೂ ಇಲ್ಲ, ಹುಟ್ಟಿದ ವಾರವೇ ಹೆಸರು. ಶನಿವಾರ ಹುಟ್ಟಿದ ಹೆಣ್ಣಾದ್ದರಿಂದ ಅವಳು ಮಿಂಬಾ, ಬುಧವಾರದ ಗಂಡಾದ್ದರಿಂದ ಅವನು ಕ್ವಾಕೊ. ಆದರೆ ಒಂಬತ್ತು ತುಂಬುವ ಮೊದಲು ಆ ಹೆಸರು ಯಾರ ಬಾಯಲ್ಲೂ ಬರಕೂಡದು. ಅಷ್ಟರೊಳಗೆ ಕೂಸು ಹೋದರೆ ಯಾರೂ ಅಳಕೂಡದು. ಅತ್ತರೆ ದೆವ್ವಕ್ಕೆ ರುಚಿ ಹತ್ತಿ, ಮುಂದಿನ ಬಸಿರಿಗೂ ಅದೇ ಬಂದು ಅದೇ ಆಟ ಆಡುತ್ತದೆ.

"ಅಳು ನುಂಗೇ," ಎಂದು ಮಿಂಬಾ ಎಷ್ಟೋ ತಾಯಂದಿರ ಬಾಯಿಗೆ ಅಂಗೈ ಒತ್ತಿ ಹಿಡಿದಿದ್ದಳು. "ಬಂದಿದ್ದು ದೆವ್ವ. ದೆವ್ವಕ್ಕೆ ಯಾರಾದ್ರೂ ಅಳ್ತಾರಾ?" ಅವಳವೇ ಎರಡು ಹೀಗೆ ಹೋಗಿದ್ದವು. ಅವಳು ಅತ್ತಿರಲಿಲ್ಲ. ಆಮೇಲೆ ಅವಳಿಗೆ ಮಕ್ಕಳಾಗಲೇ ಇಲ್ಲ. ತನ್ನವರೆಂಬವರು ಯಾರೂ ಉಳಿಯದ ಆ ಮುದುಕಿಗೆ, ತಾನು ಅಳಲಿಲ್ಲ ಎಂಬುದೇ ಒಂದು ಹೆಮ್ಮೆಯಾಗಿ ಉಳಿದಿತ್ತು.

ತೋಟವನ್ನು ನೋಡಿಕೊಳ್ಳುವ ಬಿಳಿಯನನ್ನು, ಜಮೈಕಾದಲ್ಲಿ ಎಲ್ಲೆಡೆಯಂತೆ, ನಾವೂ ಬುಷಾ ಎನ್ನುತ್ತಿದ್ದೆವು. ಈ ಬುಷಾಗೆ ನಮ್ಮ ಪದ್ಧತಿಗಳನ್ನು ಕೇಳಿ ತಿಳಿದುಕೊಳ್ಳುವ ಚಪಲ. ಒಳ್ಳೆಯ ಗುಣ ಎಂದುಕೊಳ್ಳಬೇಡಿ. ಒಂಬತ್ತು ದಿನದ ಸಂಗತಿ ಗೊತ್ತಾದ ಮೇಲೆ, ಕೂಸು ಕಳೆದುಕೊಂಡ ತಾಯಿಯನ್ನು ಬೇಗನೆ ಹೊಲಕ್ಕೆ ಅಟ್ಟತೊಡಗಿದ. "ನಿಮಗೇ ದುಃಖ ಇಲ್ಲ ಅಂದ್ಮೇಲೆ ರಜೆ ಯಾಕೆ?" ಎನ್ನುತ್ತಿದ್ದ. ಮನೆಗೆ ಊಟಕ್ಕೆ ಬಂದ ಬಿಳಿಯರಿಗೆ, ಈ ಕರಿಯರಿಗೆ ಹೆತ್ತ ಕರುಳು ಅನ್ನುವುದೇ ಇಲ್ಲ ಎಂದು ಹೇಳುತ್ತಿದ್ದ. ಅದೂ ತಟ್ಟೆ ತೆಗೆಯುತ್ತಿದ್ದ ನಮ್ಮ ಹೆಂಗಸರ ಎದುರಿಗೇ.

ಆಫ್ರಿಕಾದಿಂದ ಹಡಗು ಬರುವುದು ನಿಂತ ಮೇಲೆ ಅವನ ಕಣ್ಣು ನಮ್ಮ ಹೆಂಗಸರ ಹೊಟ್ಟೆಯ ಮೇಲೆ ಬಿತ್ತು. ಇನ್ನು ಜನರನ್ನು ಹಿಡಿದು ತರಕೂಡದು ಎಂದು ಸಮುದ್ರದಾಚೆಯ ಅವರ ದೊರೆಗಳು ಕಾನೂನು ಮಾಡಿದ್ದರಂತೆ. ಈಗಾಗಲೇ ತಂದವರನ್ನು ಬಿಡಬೇಕು ಎಂದು ಮಾತ್ರ ಅವರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊಸ ಆಳು ಬೇಕೆಂದರೆ ಇನ್ನು ನಾವೇ ಹೆತ್ತು ಕೊಡಬೇಕು. ಕೂಸು ಉಳಿದರೆ ಸೂಲಗಿತ್ತಿಗೆ ಒಂದು ತುಂಡು ಬಟ್ಟೆ. ಸತ್ತರೆ ಕೋಳ, ಅಂದರೆ ಆಲೆಮನೆಯ ಮುಂದಿನ ಬಿಸಿಲಲ್ಲಿ ಎರಡು ಹಲಗೆಗಳ ನಡುವೆ ಕಾಲು ಸಿಕ್ಕಿಸಿ ಕೂರಿಸುವುದು. ಮಿಂಬಾ ಒಮ್ಮೆ ಕೂತು ಬಂದವಳು. ಅವಳ ಕಣಕಾಲು ಅಂದಿನಿಂದ ನೆಟ್ಟಗಾಗಿರಲಿಲ್ಲ.

ಇಂಥ ಹೊತ್ತಿನಲ್ಲಿ, ನಮ್ಮ ಜೊತೆ ಕಬ್ಬು ಕಡಿಯುತ್ತಿದ್ದ ಫಿಬಾ ಬಸಿರಾದಳು. ಅವಳಿಗೆ ಮೊದಲು ಒಬ್ಬ ಮಗನಿದ್ದ. ಸತ್ತಿರಲಿಲ್ಲ, ಒಂಬತ್ತು ದಿನ ದಾಟಿ, ಹಾಲುಹಲ್ಲು ಬಿದ್ದು, ತಾಯಿಯ ಹಿಂದೆ ಕಬ್ಬಿನ ಒಣಗರಿ, ರವದಿ ಆಯುವಷ್ಟು ದೊಡ್ಡವನಾಗಿದ್ದ. ಆಗ ತೋಟದ ಒಡೆಯನ ತಂಗಿಯ ಮಗಳಿಗೆ ಮದುವೆಯಾಯಿತು. ಬೆಳ್ಳಿಯ ಚಮಚಗಳ ಜೊತೆಗೆ ಆ ಹುಡುಗನನ್ನೂ ಉಡುಗೊರೆ ಎಂದು ದ್ವೀಪದ ಇನ್ನೊಂದು ತುದಿಗೆ ಕಳಿಸಿಬಿಟ್ಟರು. ಗಾಡಿಯ ಹಿಂದೆ ಓಡಿದ ಫಿಬಾಳನ್ನು ಹಿಡಿದು ನೆಲಕ್ಕೆ ಕೆಡವಿದವನು ಕ್ವಾಕೊ. ಆಮೇಲೆ ಅವಳು ಅವನ ಕಡೆ ತಿರುಗಿಯೂ ನೋಡಿರಲಿಲ್ಲ.

"ಹೊಟ್ಟೆ ಇಳಿಸೋ ಬೇರು ಕೊಡು ಅಜ್ಜಿ," ಎಂದು ಅವಳು ಮಿಂಬಾಳ ಗುಡಿಸಲಿಗೆ ಬಂದು ಕೂತಳು.

"ತಿಂಗಳು ಮೀರಿದೆ. ಈಗ ಕೊಟ್ರೆ ನೀನೂ ಹೋಗ್ತೀಯ."

"ಹೋಗ್ತೀನಿ. ಇನ್ನೊಂದು ಉಡುಗೊರೆ ಹೆರಲ್ಲ ನಾನು."

ಮಿಂಬಾ ಬೈದಳು, ಗದರಿದಳು, ಉಪಯೋಗವಾಗಲಿಲ್ಲ. ಹುಡುಗಿಯ ಮುಖದಲ್ಲಿ ಹಟವಿರಲಿಲ್ಲ, ಬರೀ ಸುಸ್ತಿತ್ತು. ಹಟವಿದ್ದರೆ ಮುರಿಯಬಹುದಿತ್ತು. ಮುದುಕಿಗೆ ಆಗ ಬಂದರಿನ ಪೇಟೆಯ ಸುಸಾನಾ ನೆನಪಾದಳು.

ಸುಸಾನಾ ನಮ್ಮ ಬಣ್ಣದವಳೇ, ಆದರೆ ಸ್ವತಂತ್ರಳು. ಬಿಳಿಯರ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ತನ್ನದೇ ಮನೆಯಲ್ಲಿ ಬದುಕುತ್ತಿದ್ದಳು. ಗಂಡ ಕಡಲಲ್ಲಿ ತೀರಿಹೋಗಿದ್ದ, ಮಕ್ಕಳಾಗಿರಲಿಲ್ಲ. ಬಿಳಿಯರ ಕಾನೂನಿನಲ್ಲಿ ತಾಯಿ ಆಳಾದರೆ ಕೂಸೂ ಆಳು, ತಾಯಿ ಸ್ವತಂತ್ರಳಾದರೆ ಕೂಸೂ ಸ್ವತಂತ್ರ. ತಂದೆ ಯಾರೆಂದು ಆ ಕಾನೂನು ಕೇಳುತ್ತಿರಲಿಲ್ಲ; ಕೇಳಿದರೆ ಎಷ್ಟೋ ದೊಡ್ಡ ಮನೆಗಳಲ್ಲಿ ಮುಜುಗರವಾಗುತ್ತಿತ್ತು. ಭಾನುವಾರದ ಸಂತೆಯಲ್ಲಿ ಮಿಂಬಾ ಬೇರು ಮಾರುವ ನೆಪದಲ್ಲಿ ಅವಳ ಕಿವಿಗೆ ಮಾತು ಹಾಕಿದಳು. ಮುಂದಿನ ಭಾನುವಾರದ ಹೊತ್ತಿಗೆ ಸುಸಾನಾ ಬಸುರಿಯಾಗಿದ್ದಳು.

ಈ ವಯಸ್ಸಲ್ಲಾ, ಅದೂ ಗಂಡನಿಲ್ಲದೆ ಎಂದು ಪೇಟೆಯವರು ಮೂಗು ಮುರಿದರು. "ದೇವ್ರು ಕೊಟ್ಟಾಗ ಬೇಡ ಅನ್ನೋಕಾಗತ್ತಾ?" ಎಂದು ಅವಳು ಸೊಂಟದ ಮೇಲೆ ಕೈಯಿಟ್ಟು, ಎಲ್ಲರ ಕಣ್ಣೆದುರು ಹುಣಸೆಕಾಯಿ ಚೀಪುತ್ತ ತಿರುಗಿದಳು. ಅವಳು ಹೊಟ್ಟೆಗೆ ಕಟ್ಟಿಕೊಂಡಿದ್ದು, ಒಗೆಯಲು ಬಂದ ಬಿಳಿಯರ ಮೇಜುಬಟ್ಟೆಗಳನ್ನು. ತಿಂಗಳು ಕಳೆದಂತೆ ಒಂದೊಂದೇ ಹೆಚ್ಚಿಸಿದಳು.

ಫಿಬಾ ಮಂಗಳವಾರ ಹೆತ್ತಳು. ಹೆಣ್ಣು. ಬಾಣಂತಿಯ ಗುಡಿಸಲಿಗೆ ಸೂಲಗಿತ್ತಿಯೊಬ್ಬಳನ್ನು ಬಿಟ್ಟು ಯಾರೂ ಕಾಲಿಡುವಂತಿಲ್ಲ ಎಂಬ ಪದ್ಧತಿ ಆ ವಾರ ಉಪಕಾರಕ್ಕೆ ಬಂತು. ಕೂಸು ಗಟ್ಟಿಯಾಗಿತ್ತು. ಬಾಯಿ ಅಗಲಿಸಿ ಅಳುತ್ತಿತ್ತು, ಮೊಲೆಗೆ ಬಾಯಿಟ್ಟರೆ ಬಿಡುತ್ತಿರಲಿಲ್ಲ. ದಿನಕ್ಕೆ ಹತ್ತು ಸಲ ಮಿಂಬಾ ಅದರ ದವಡೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ಎಲ್ಲಾ ಬಿಟ್ಟು ಈ ಸಲ ನಿಜವಾಗಿಯೂ ಸತ್ತುಗಿತ್ತು ಹೋದೀತು ಎಂದು ಅವಳಿಗೆ ಹೆದರಿಕೆ.

ಶನಿವಾರ ಸಂಜೆ ಫಿಬಾ ಕೇಳಿದಳು, "ಅಜ್ಜಿ, ಒಂದೇ ಒಂದು ಸಲ ಹೆಸರು ಹಿಡಿದು ಕರೀಲಾ?"

"ಬೇಡ."

"ಮೆಲ್ಲಗೆ. ಕಿವಿಯೊಳಗೆ."

"ಬೇಡ ಅಂದ್ನಲ್ಲ. ಒಂಬತ್ತು ತುಂಬದೆ ಕರೆದ್ರೆ ಅದು ನಿಲ್ಲಲ್ಲ. ಉಳೀಲಿ ಅಂತ ತಾನೇ ಕೊಡ್ತಿರೋದು?" ಹಾಗೆಂದವಳು ದನಿ ಇಳಿಸಿದಳು. "ಇನ್ನೊಂದು ಮಾತು ಕೇಳು. ನಾಳೆಯಿಂದ ಇದು ಸತ್ತ ಕೂಸು. ಒಂದು ಹನಿ ಕಣ್ಣೀರು ಹಾಕ್ಬೇಡ. ನಮ್ಮೋರ ಹಾಗೆ ಇರು. ಅತ್ತೆಯೋ, ಮೊದ್ಲು ನಮ್ಮೋರಿಗೇ ಅನುಮಾನ ಬರತ್ತೆ."

ಫಿಬಾ ತಲೆಯಾಡಿಸಿದಳು. ಕೂಸಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮತ್ತೆ ಮಡಚುತ್ತ ಕೂತಳು.

ಭಾನುವಾರ ನಮ್ಮದು. ನಮ್ಮ ಕೈತೋಟದ ಗೆಣಸು, ಬಾಳೆಕಾಯಿ, ಸಾಕಿದ ಕೋಳಿ ಎಲ್ಲವನ್ನೂ ತಲೆಯ ಮೇಲೆ ಹೊತ್ತು ಹೆಂಗಸರು ಪೇಟೆಗೆ ಹೊರಡುವ ದಿನ. ಹೊಟ್ಟೆ ತುಂಬ ಹಾಲು ಕುಡಿದು ಮಲಗಿದ ಕೂಸನ್ನು ಮಿಂಬಾ ಬುಟ್ಟಿಯ ತಳದಲ್ಲಿಟ್ಟಳು. ಮೇಲೆ ಗಾಳಿಯಾಡುವಂತೆ ಅಡ್ಡ ಕಡ್ಡಿಗಳು, ಅದರ ಮೇಲೆ ಬಾಳೆಯೆಲೆ, ಬೇರಿನ ಕಟ್ಟು, ಎಲ್ಲಕ್ಕೂ ಮೇಲೆ ಕಾಲು ಕಟ್ಟಿದ ಒಂದು ಹೇಂಟೆ. ಗೇಟಿನಲ್ಲಿ ಕ್ವಾಕೊ ನಿಂತಿದ್ದ. ಆಲೆಮನೆಯಿಂದ ಸಕ್ಕರೆ ಕದ್ದು ಸಾಗಿಸುತ್ತಾರೆಂದು ಎಲ್ಲರ ಬುಟ್ಟಿ ನೋಡಲು ಬುಷಾ ಹೇಳಿದ್ದ.

"ಏನಜ್ಜಿ, ಬುಟ್ಟಿ ಭಾರ ಇದ್ದ ಹಾಗಿದೆ?"

"ಇರ್ದೇ ಏನು? ಬುಷಾನ ಕೊಪ್ಪರಿಗೇನೇ ಹೊತ್ಕೊಂಡು ಹೊರಟಿದ್ದೀನಿ. ಬಾ, ಇಳಿಸ್ಕೋ."

ಸುತ್ತಲಿನ ಹೆಂಗಸರು ಕಿಸಕ್ಕೆಂದರು. ಕ್ವಾಕೊ ನಗುತ್ತ ಬುಟ್ಟಿಯ ಅಂಚಿಗೆ ಕೈಹಾಕಿದ. ಅದೇ ಗಳಿಗೆಗೆ ಎಲೆಗಳ ಅಡಿಯಿಂದ ಸಣ್ಣದೊಂದು ಕುಂಯ್ ಎಂಬ ಸದ್ದು ಬಂತು. ಮಿಂಬಾ ತಲೆಯ ಮೇಲಿನ ಕೈಯನ್ನು ಸರಿಸಿ ಹೇಂಟೆಯ ತೊಡೆಯನ್ನು ಉಗುರಿನಿಂದ ಚಿವುಟಿದಳು. ಅದು ಊರೇ ಎದ್ದು ಬರುವ ಹಾಗೆ ಅರಚಿತು, ರೆಕ್ಕೆ ಬಡಿಯಿತು, ಮೇಸ್ತ್ರಿಯ ಮುಖಕ್ಕೆ ಪುಕ್ಕ ಉದುರಿಸಿತು.

"ನೋಡು, ನಿನ್ನ ಮುಖ ಕಂಡು ಹೆದರ್ಕೊಂಡಿದೆ," ಎಂದಳು ಮಿಂಬಾ.

ಕ್ವಾಕೊ ಪುಕ್ಕ ಒರೆಸಿಕೊಂಡ. ಬುಟ್ಟಿಯನ್ನೊಮ್ಮೆ, ಮುದುಕಿಯನ್ನೊಮ್ಮೆ ನೋಡಿದ. ಆಮೇಲೆ, "ಹೋಗು, ಹೋಗು, ದಾರಿ ಬಿಡು" ಎಂದು ಹಿಂದಿನವಳ ಬುಟ್ಟಿಗೆ ಕೈಹಾಕಿದ. ಮಿಂಬಾ ಪೇಟೆ ಮುಟ್ಟುವವರೆಗೂ ಹಿಂತಿರುಗಿ ನೋಡಲಿಲ್ಲ. ಸುಸಾನಾಳ ಹಿತ್ತಲಲ್ಲಿ, ಒಣಗಲು ಹಾಕಿದ ಹಾಸುಬಟ್ಟೆಗಳ ಮರೆಯಲ್ಲಿ, ಕೂಸು ಕೈ ಬದಲಾಯಿಸಿತು. ಸುಸಾನಾ ಮೇಜುಬಟ್ಟೆಗಳನ್ನು ಬಿಚ್ಚಿಟ್ಟು ಹಾಸಿಗೆ ಹಿಡಿದಳು. ಹಾಲೂಡಲು ಪಕ್ಕದ ಮನೆಯ ಎಳೆಬಾಣಂತಿಯೊಬ್ಬಳನ್ನು ಮೊದಲೇ ಒಪ್ಪಿಸಿದ್ದಳು. ಸಂಜೆಯ ಹೊತ್ತಿಗೆ, ಅಗಸಗಿತ್ತಿಗೆ ಹೆಣ್ಣಾಯಿತಂತೆ ಎಂದು ಬೀದಿಯೆಲ್ಲ ಸುದ್ದಿ.

ಅದೇ ಸಂಜೆ ಮಿಂಬಾ ಎಳೆಯ ಬಾಳೆದಿಂಡೊಂದನ್ನು ಬಟ್ಟೆಯಲ್ಲಿ ಸುತ್ತಿ, ಫಿಬಾಳ ಗುಡಿಸಲಿನ ಹಿಂದೆ ಗುಂಡಿ ತೋಡಿ ಹೂತಳು. ಒಂಬತ್ತು ತುಂಬದ್ದಕ್ಕೆ ಮೆರವಣಿಗೆಯಿಲ್ಲ, ಹಾಡಿಲ್ಲ, ಬಂದು ನೋಡುವವರೂ ಇಲ್ಲ. ಬೆಳಿಗ್ಗೆ ಬುಷಾನ ಮುಂದೆ ಕೈಕಟ್ಟಿ ನಿಂತು, ದವಡೆ ಬಿಗಿದು ಹೋಯಿತು ಎಂದಳು.

"ಮತ್ತೆ ನಿನ್ನ ಕೈಲೇ," ಎಂದ ಬುಷಾ. ಕೂಗಾಡಲಿಲ್ಲ. ಅವನು ಕೂಗಾಡದಿದ್ದಾಗಲೇ ಹೆಚ್ಚು ಹೆದರಬೇಕು. "ಕೋಳದಲ್ಲಿ ಆ ಓಡಿಹೋಗಿದ್ದೋನು ಬುಧವಾರದವರೆಗೆ ಕೂತಿರ್ತಾನೆ. ಆಮೇಲೆ ಜಾಗ ನಿಂದು. ಅಲ್ಲೀವರೆಗೆ ಹೊಲಕ್ಕೆ ಹೋಗಿ ಜಲ್ಲೆ ಕಟ್ಟು. ಹೆತ್ತವಳನ್ನೂ ನಾಳೆಯಿಂದ ಕಳಿಸು."

ಕೋಳಕ್ಕೂ ಸರದಿ ಕಾಯಬೇಕಾದ ಕಾಲ. ಮಿಂಬಾ ತನ್ನೊಳಗೇ ನಕ್ಕಳು. ಕೂಸು ಗೇಟು ದಾಟಿತ್ತು, ಅವಳಿಗೆ ಅಷ್ಟು ಸಾಕಾಗಿತ್ತು.

ಮಂಗಳವಾರ ಕಬ್ಬಿನ ಸಾಲಿನಲ್ಲಿ ಫಿಬಾ ಮಚ್ಚು ಹಿಡಿದು ನಿಂತಳು. ಹೆತ್ತ ಮೈ ಇನ್ನೂ ಹಸಿ. ಮುಖ ಕಲ್ಲಾಗಿತ್ತು. ಬುಡಕ್ಕೊಂದು ಏಟು, ಸೋಗೆಗೊಂದು ಏಟು, ಜಲ್ಲೆ ಪಕ್ಕಕ್ಕೆ. ಹಿಂದೆ ಮಿಂಬಾ ಜಲ್ಲೆಗಳನ್ನು ಆಯ್ದು ಹೊರೆ ಕಟ್ಟುತ್ತಿದ್ದಳು. ಅಕ್ಕಪಕ್ಕದ ಹೆಂಗಸರು ಏನೂ ಕೇಳಲಿಲ್ಲ. ಆಗದೇ ಇದ್ದದ್ದರ ಬಗ್ಗೆ ಕೇಳುವುದೇನು? ಕ್ವಾಕೊನ ಹೆಂಡತಿ ಜೂಬಾ ಮಾತ್ರ ಒಂದು ಸೋರೆಬುರುಡೆ ನೀರು ತಂದು ಕೈಗೆ ಕೊಟ್ಟು ಹೋದಳು. ಜೂಬಾ ತುಂಬು ಬಸುರಿ. ಹಿಂದಿನ ಎರಡೂ ಒಂಬತ್ತು ತುಂಬದೆ ಹೋಗಿದ್ದವು. ಮೂರನೆಯದಾದರೂ ನಿಲ್ಲಲಿ ಎಂದು ಅವಳು ಮಿಂಬಾ ಹೇಳಿದ ಒಂದೊಂದು ಕಟ್ಟುಪಾಡನ್ನೂ ಬಿಡದೆ ಪಾಲಿಸುತ್ತಿದ್ದಳು.

ಬಿಸಿಲು ಏರಿದಾಗ, ಸಾಲಿನ ಕೊನೆಯ ಮರದ ನೆರಳಲ್ಲಿ ಮಲಗಿಸಿದ್ದ ಯಾರದೋ ಎಳೆ ಮಗು ಹಸಿದು ಅಳತೊಡಗಿತು. ಅದರ ತಾಯಿ ದೂರದ ಸಾಲಿನಲ್ಲಿದ್ದಳು, ಬಿಟ್ಟು ಬರುವಂತಿರಲಿಲ್ಲ. ಮಗು ಅತ್ತಿತು, ಮತ್ತೂ ಅತ್ತಿತು. ಫಿಬಾಳ ಮಚ್ಚು ನಿಂತಿತು. ಅವಳ ಅಂಗಿಯ ಎದೆ ಎರಡೂ ಕಡೆ ಒದ್ದೆಯಾಗುತ್ತ ಬಂತು. ಹಾಲು ಸೊಂಟದವರೆಗೆ ಇಳಿಯಿತು. ಮಿಂಬಾ ಹೊರೆ ಬಿಟ್ಟು ಅವಳ ಕಡೆ ಓಡಿದಳು. ಅವಳು ಮುಟ್ಟುವಷ್ಟರಲ್ಲಿ ಫಿಬಾ ಮಂಡಿಯೂರಿ ಕೂತು ಬಾಯಿ ತೆರೆದಿದ್ದಳು. ಅದು ಬಿಕ್ಕುವ ಅಳುವಲ್ಲ, ಹೊಟ್ಟೆಯ ಬುಡದಿಂದ ಕಿತ್ತು ಬಂದ ಅಳು.

ಇಡೀ ಸಾಲಿನ ಮಚ್ಚುಗಳು ನಿಂತವು. ಯಾರೂ ಅವಳ ಹತ್ತಿರ ಬರಲಿಲ್ಲ. ಎಲ್ಲರೂ ಮಿಂಬಾಳನ್ನು ನೋಡಿದರು. ಒಂಬತ್ತು ತುಂಬದ್ದಕ್ಕೆ ಅಳುವವಳನ್ನು ಅವರು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಬುಷಾ ಕುದುರೆಯ ಮೇಲೆ ಬಂದ. "ಯಾಕೆ ಅಳ್ತಾಳೆ ಇವಳು?"

"ಕೂಸು ಹೋಯ್ತಲ್ಲ ಧಣಿ," ಎಂದ ಕ್ವಾಕೊ.

"ಎಷ್ಟು ದಿನದ್ದು?"

ಕ್ವಾಕೊ ಫಿಬಾಳ ಕಡೆ ನೋಡಿದ. "ಒಂಬತ್ತು ತುಂಬಿರ್ಲಿಲ್ಲ."

ಬುಷಾ ನಕ್ಕ. ನಗು ಮುಗಿಯುವ ಮೊದಲೇ ಅವನ ಕಣ್ಣು ಕಿರಿದಾದವು. "ಅದಕ್ಕೆ ನೀವು ಅಳಲ್ಲ. ನೀವೇ ನನಗೆ ಹೇಳಿದ್ದು. ಇಷ್ಟು ವರ್ಷದಲ್ಲಿ ಒಬ್ಬಳೂ ಅತ್ತಿದ್ದು ನಾನು ನೋಡಿಲ್ಲ. ಹಾಗಾದ್ರೆ ಇವಳು ಅಳ್ತಿರೋದು ಯಾರಿಗೆ?" ಅವನು ಕುದುರೆಯನ್ನು ಮಿಂಬಾಳ ಕಡೆ ತಿರುಗಿಸಿದ. "ಏ ಮುದುಕಿ, ಅದು ಸತ್ತಿದ್ದು ಹೌದಾ? ನೀನೇ ಕತ್ತು ಹಿಸುಕಿದ್ಯಾ? ಇಲ್ಲ ಎಲ್ಲಾದ್ರೂ ಸಾಗಿಸಿದ್ಯಾ? ಕ್ವಾಕೊ, ಗುದ್ದಲಿ ತಗೋ. ಹೂತಿದ್ದನ್ನ ತೆಗಿ, ನಾನೇ ನೋಡ್ತೀನಿ."

ಕ್ವಾಕೊ ಗುದ್ದಲಿ ತೆಗೆದುಕೊಂಡ.

ಮಿಂಬಾ ಆ ಗುದ್ದಲಿಯನ್ನೇ ನೋಡಿದಳು. ಅಗೆದರೆ ಸಿಗುವುದು ಬಾಳೆದಿಂಡು. ಆಮೇಲೆ ಪೇಟೆಯಲ್ಲಿ ಹೊಸದಾಗಿ ಹೆತ್ತ ಮುದಿ ಅಗಸಗಿತ್ತಿಯನ್ನು ಹುಡುಕಲು ಎಷ್ಟು ಹೊತ್ತು? ಸಂಜೆಯೊಳಗೆ ಕೂಸು ಇದೇ ತೋಟಕ್ಕೆ ವಾಪಸು ಬರುತ್ತದೆ, ಮುಂದೆ ಯಾವಳದೋ ಮದುವೆಗೆ ಉಡುಗೊರೆಯಾಗುತ್ತದೆ. ಫಿಬಾಳನ್ನು ಈಗ ಸುಮ್ಮನಾಗಿಸಿ ಪ್ರಯೋಜನವಿರಲಿಲ್ಲ. ಅವಳು ಅತ್ತಾಗಿತ್ತು. ಈ ಅಳು ವಿಶೇಷವೇನಲ್ಲ, ನಮ್ಮಲ್ಲಿ ಎಲ್ಲರೂ ಹೀಗೇ ಎಂದು ತೋರಿಸಿದರೆ ಮಾತ್ರ ಉಳಿಗಾಲ.

ಜೀವಮಾನವೆಲ್ಲ ಬೇರೆಯವರ ಬಾಯಿ ಮುಚ್ಚಿದ ಸೂಲಗಿತ್ತಿ ತನ್ನ ಬಾಯಿ ತೆರೆದಳು. ಮೊದಲಿಗೆ ಸದ್ದೇ ಬರಲಿಲ್ಲ. ಅಳುವುದು ಹೇಗೆಂದೇ ಅವಳಿಗೆ ಮರೆತುಹೋಗಿತ್ತು. ಕಣ್ಣು ಮುಚ್ಚಿದಳು. ಮೊದಲನೆಯದು ಭಾನುವಾರ ಹುಟ್ಟಿದ್ದು, ಹೆಣ್ಣು. ಅದರ ಕಿವಿಯ ಹಿಂದೆ ಮೆತ್ತಗಿನ ಕೂದಲಿತ್ತು. ಇಷ್ಟು ವರ್ಷ ಅವಳು ಆ ಕೂದಲನ್ನು ನೆನಪಿಸಿಕೊಂಡಿರಲಿಲ್ಲ.

"ಕ್ವಾಶಿಬಾ," ಎಂದಳು. ದನಿ ಒಡೆಯಿತು. "ಅಯ್ಯೋ ನನ್ನ ಕ್ವಾಶಿಬಾ! ನನ್ನ ಭಾನುವಾರದ ಮಗಳೇ! ಕ್ವಾವೊ, ನನ್ನ ಗುರುವಾರದ ಕಂದಾ!"

ನಟನೆಯೆಂದು ಶುರುಮಾಡಿದ್ದು ಎರಡನೆಯ ಹೆಸರಿಗೆ ಬರುವಷ್ಟರಲ್ಲಿ ನಟನೆಯಾಗಿ ಉಳಿದಿರಲಿಲ್ಲ. ಮುದುಕಿ ಕಬ್ಬಿನ ಕೂಳೆಗಳ ನಡುವೆ ಕುಸಿದು ಕೂತು ನೆಲಕ್ಕೆ ಕೈ ಬಡಿಯುತ್ತಿದ್ದಳು. ಹೆಂಗಸರು ಬಾಯಿ ಬಿಟ್ಟುಕೊಂಡು ನೋಡಿದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಆದರೆ ಮಿಂಬಾ ತಾನೇ ಕಾದುಕೊಂಡು ಬಂದ ಕಟ್ಟನ್ನು ತಾನೇ ಮುರಿಯುತ್ತಿದ್ದಾಳೆ ಎಂದರೆ ಅದರ ಹಿಂದೆ ಏನೋ ಇದೆ, ಯಾರನ್ನೋ ಉಳಿಸಬೇಕಾಗಿದೆ ಎಂದು ತಿಳಿಯದಷ್ಟು ದಡ್ಡರಲ್ಲ ಅವರು. ಅದಲ್ಲದೆ ಪ್ರತಿಯೊಬ್ಬಳ ಹೊಟ್ಟೆಯಲ್ಲೂ ಕರೆಯದೆ ಬಿಟ್ಟ ಒಂದು ಹೆಸರಿತ್ತು.

ದೂರದ ಸಾಲಿನಿಂದ ಒಬ್ಬಳು ಒಂದು ಹೆಸರು ಕೂಗಿದಳು. ಪಕ್ಕದವಳು ಇನ್ನೊಂದು. ಮಚ್ಚುಗಳು ನೆಲಕ್ಕೆ ಬಿದ್ದವು. ಸೋಮವಾರದವು, ಶುಕ್ರವಾರದವು, ಒಂದೇ ವಾರ ಹುಟ್ಟಿ ಹೋದ ಅವಳಿಗಳು, ಹೀಗೆ ಕೂಸುಗಳ ಹೆಸರು ಆ ಹೊಲದ ತುಂಬ ಎದ್ದವು. ಆಗ ಜೂಬಾ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮುಂದೆ ಬಂದಳು.

"ನೀನು ಬೇಡ!" ಎಂದು ಮಿಂಬಾ ಅಳುವಿನ ನಡುವೆಯೇ ಕೂಗಿದಳು. "ತುಂಬಿದ ಹೊಟ್ಟೆ ಕಣೇ, ನೀನು ಅಳ್ಬೇಡ!"

ಜೂಬಾ ಅವಳನ್ನು ನೋಡಿದಳು, ನೆಲದ ಮೇಲಿದ್ದ ಫಿಬಾಳನ್ನು ನೋಡಿದಳು. "ಕುಬ್ಬಾ," ಎಂದಳು. "ಕಜೋ." ಆಮೇಲೆ ಅವಳೂ ಜೋರಾಗಿ ಅತ್ತಳು.

ಕ್ವಾಕೊನ ಕೈಯಿಂದ ಗುದ್ದಲಿ ಜಾರಿತು. ಅವೆರಡೂ ಅವನ ಮಕ್ಕಳೇ. ಆ ಹೆಸರುಗಳನ್ನು ಅವನೂ ಅಂದೇ ಮೊದಲ ಸಲ ಕೇಳಿದ್ದು.

ಬುಷಾನ ಕುದುರೆ ಬೆದರಿ ಹಿಂದೆ ಹಿಂದೆ ಸರಿಯಿತು. "ಏನಿದು? ಕ್ವಾಕೊ, ಏನಾಗಿದೆ ಇವ್ರಿಗೆ?"

"ಅಳ್ತಿದ್ದಾರೆ ಧಣಿ."

"ಅದು ಕಾಣ್ಸತ್ತೆ. ಇವ್ರು ಅಳಲ್ಲ ಅಂತ ತಾನೇ ಹೇಳಿದ್ದು?"

"ನಿಮ್ಮ ಮುಂದೆ ಅಳ್ತಿರ್ಲಿಲ್ಲ," ಎಂದ ಕ್ವಾಕೊ. ಅವನ ದನಿ ಸರಿಯಾಗಿರಲಿಲ್ಲ. "ಅವಳೊಬ್ಬಳು ಶುರು ಮಾಡಿದ್ಲು, ಎಲ್ಲರಿಗೂ ತಮ್ಮ ತಮ್ಮದು ನೆನಪಾಯ್ತು. ಗುಂಡಿ ಅಗೆದು ಹೆಣ ತಂದು ತೋರ್ಸಿದ್ರೆ ಇನ್ನೂ ಹೆಚ್ಚಾಗತ್ತೆ. ಇವತ್ತು ಒಂದು ಜಲ್ಲೆ ಬೀಳಲ್ಲ."

ಅಷ್ಟರಲ್ಲಿ ಆಲೆಮನೆಯಿಂದ ಶಂಖ ಊದಿದರು. ಗಾಣಕ್ಕೆ ಕಬ್ಬು ಬಂದಿರಲಿಲ್ಲ. ಕಬ್ಬಿನ ಹಾಲು ನಿಂತರೆ ಉರಿಯ ಮೇಲಿನ ಕೊಪ್ಪರಿಗೆಗಳು ಸೀದುಹೋಗುತ್ತವೆ, ಆಮೇಲೆ ತೋಟದ ಒಡೆಯನಿಗೆ ಉತ್ತರ ಕೊಡಬೇಕಾದವನು ಬುಷಾ. ಅವನು ಹೊಲವನ್ನೊಮ್ಮೆ, ಆಲೆಮನೆಯ ಹೊಗೆಯನ್ನೊಮ್ಮೆ ನೋಡಿದ. "ಮುಚ್ಚಿಸು ಇವ್ರ ಬಾಯಿ! ಕಬ್ಬು ಕಡಿಸು!" ಎಂದು ಕೂಗಿ ಶಂಖ ಊದಿದ ಕಡೆಗೆ ಕುದುರೆ ಓಡಿಸಿದ. ಹೆತ್ತ ಕರುಳಿಲ್ಲದವರು ಹೀಗೆ ಅಳುವುದನ್ನು ಕಂಡು ಅವನ ಮನಸ್ಸಿಗೆ ಏನನ್ನಿಸಿತೋ ನಮಗೆ ತಿಳಿಯದು. ಗುಂಡಿಯ ಮಾತನ್ನು ಮತ್ತೆ ಎತ್ತಲಿಲ್ಲ.

ಕ್ವಾಕೊ ಚಾವಟಿ ಎತ್ತಿದ. ನೆಲಕ್ಕೆ ಬಡಿದ, ಒಂದು ಸಲ, ಇನ್ನೊಂದು ಸಲ. ಯಾರ ಬೆನ್ನಿಗೂ ತಾಗಿಸಲಿಲ್ಲ. ಹೆಂಗಸರು ಎದ್ದರು, ಮಚ್ಚು ಹುಡುಕಿಕೊಂಡರು. ಅಳು ನಿಲ್ಲಲಿಲ್ಲ, ಕಡಿಯುತ್ತ ಅತ್ತರು, ಹೊರೆ ಕಟ್ಟುತ್ತ ಅತ್ತರು.

ಬುಧವಾರ ಬೆಳಿಗ್ಗೆ ಕೋಳ ಖಾಲಿಯಾಯಿತು. ಮಿಂಬಾಳನ್ನು ಕೂರಿಸಿದರು. ಕಾಲು ಸಿಕ್ಕಿಸಿ ಹಲಗೆ ಇಳಿಸುವ ಕೆಲಸ ಕ್ವಾಕೊನದೇ. ಹಳೆಯ ಗಾಯದ ಮೇಲೆ ಹಲಗೆ ಕೂತಾಗ ಅವಳು ಹಲ್ಲು ಕಚ್ಚಿಕೊಂಡಳು, ಅವನು ಮುಖ ತಿರುಗಿಸಿಕೊಂಡು ಕೆಲಸ ಮುಗಿಸಿ ಹೋದ.

ಮಧ್ಯಾಹ್ನದ ಊಟದ ಬಿಡುವಿಗೆ ಫಿಬಾ ನೀರು ತಂದಳು. ಬುರುಡೆಯನ್ನು ಮುದುಕಿಯ ಬಾಯಿಗೆ ಹಿಡಿದು, ತುಟಿ ಹೆಚ್ಚು ಅಲುಗಿಸದೆ ಹೇಳಿದಳು, "ಬೆಳಿಗ್ಗೆ ಹೊಕ್ಕುಳಬಳ್ಳಿ ಹೂತೆ ಅಜ್ಜಿ. ನಿನ್ನ ಗುಡಿಸಲ ಪಕ್ಕದ ತೆಂಗಿನ ಸಸಿಗೆ."

"ನೀರು ಹಾಕಿದ್ಯಾ?"

"ಹಾಕಿದೆ. ನಾನು ಅತ್ತಿದ್ದು ತಪ್ಪಾಯ್ತು."

"ತಪ್ಪೇ," ಎಂದಳು ಮಿಂಬಾ. "ಕತ್ತೆ. ನಿನ್ನಿಂದ ನಾನೂ ಅತ್ತೆ. ಜೂಬಾಗೆ ಏನಾದ್ರೂ ಆದ್ರೆ ನಿನ್ನ ಚರ್ಮ ಸುಲೀತೀನಿ." ಹೇಳುತ್ತ ಹೇಳುತ್ತ ಅವಳ ಕಣ್ಣು ಮತ್ತೆ ತುಂಬಿತು. ಒಮ್ಮೆ ಬಿಟ್ಟುಕೊಂಡ ಮೇಲೆ ಅದು ಅವಳ ಮಾತು ಕೇಳುತ್ತಿರಲಿಲ್ಲ.

ಹಿಂದಿನಿಂದ ಹೆಜ್ಜೆ ಸದ್ದು ಕೇಳಿಸಿತು. ಫಿಬಾ ತಟ್ಟನೆ ದೂರ ಸರಿದು ನಿಂತಳು. ಕ್ವಾಕೊ ಬಂದು ಕೋಳದ ಬೀಗವನ್ನು ಪರೀಕ್ಷಿಸುವವನ ಹಾಗೆ ಬಗ್ಗಿದ. ಹಲಗೆಗೂ ಗಾಯಕ್ಕೂ ನಡುವೆ ಒಂದು ಹಳೆ ಬಟ್ಟೆಯ ಮಡಿಕೆ ತುರುಕಿದ.

"ಅವತ್ತು ಗೇಟಲ್ಲಿ ಕೋಳಿ ಚೆನ್ನಾಗಿ ಕೂಗ್ತು," ಎಂದ.

ಮಿಂಬಾ ಅವನ ಬಗ್ಗಿದ ತಲೆಯನ್ನೇ ನೋಡಿದಳು.

"ಗಂಡೋ, ಹೆಣ್ಣೋ?"

"ಸತ್ತ ಕೂಸಿಗೆ ಅದೆಲ್ಲ ಯಾಕೋ?"

"ಇವತ್ತು ಒಂಬತ್ತು ತುಂಬ್ತಲ್ಲ ಅಜ್ಜಿ," ಎಂದ ಕ್ವಾಕೊ, ಬೀಗದ ಮೇಲಿಂದ ಕಣ್ಣೆತ್ತದೆ. "ಹುಟ್ಟಿದ ತೋಟದಲ್ಲಿ ಯಾರಾದ್ರೂ ಒಬ್ರು ಕರೀಬೇಕು."

ಮುದುಕಿ ಫಿಬಾಳ ಕಡೆ ನೋಡಿದಳು. ಆಮೇಲೆ, "ಹೆಣ್ಣು. ಮಂಗಳವಾರದ್ದು," ಎಂದಳು.

"ಬೆನೆಬಾ, ಹಾಗಾದ್ರೆ."

ಅವನು ನೆಟ್ಟಗೆ ನಿಂತು ಅದನ್ನು ಇನ್ನೊಂದು ಸಲ ಹೇಳಿದ. ಅಂಗಳದಲ್ಲಿ ಆಡುವ ಮಗುವನ್ನು ಊಟಕ್ಕೆ ಕರೆಯುವ ದನಿಯಲ್ಲಿ ಹೇಳಿದ. "ಬೆನೆಬಾ." ಆಮೇಲೆ ಚಾವಟಿಯನ್ನು ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ನಡೆದ.

ಫಿಬಾ ಬುರುಡೆಯನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಮಗನನ್ನು ಹಿಡಿಯಲು ಓಡಿದಾಗ ತನ್ನನ್ನು ನೆಲಕ್ಕೆ ಕೆಡವಿದವನ ಬಾಯಿಂದ ಅವಳು ಮಗಳ ಹೆಸರನ್ನು ಮೊದಲ ಸಲ ಕೇಳಿದ್ದಳು. ಅವಳ ತುಟಿಗಳು ಅದೇ ಹೆಸರನ್ನು ಸದ್ದಿಲ್ಲದೆ ಆಡಿದವು. ಅಳು ನುಂಗು ಎಂದು ಮಿಂಬಾ ಹೇಳಬೇಕಾಗಲಿಲ್ಲ. ಫಿಬಾ ಅಳುತ್ತಿರಲಿಲ್ಲ, ಅವಳ ಕೂಸು ಉಳಿದಿತ್ತು.